ಟೇಬಲ್ ಸಾ ಬ್ಲೇಡಿನ ಹಿಂದಿನ ಹಲ್ಲುಗಳು: ಹಲಗೆ ಸೀಳುವಾಗ, ಗ್ರೂವ್ ಹೊಡೆಯುವಾಗ

ಟೇಬಲ್ ಸಾ ಎಂದರೆ ಮೇಜಿನ ಸೀಳಿನಿಂದ ದುಂಡು ಗರಗಸ ಮೇಲಕ್ಕೆ ಚಾಚಿ ತಿರುಗುವ ಮರಗೆಲಸದ ಯಂತ್ರ. ಅದರ ಮುಂದೆ ನಿಂತಾಗ ಕಣ್ಣು ತಾನಾಗಿಯೇ ಬ್ಲೇಡಿನ ಮುಂಭಾಗಕ್ಕೆ ಹೋಗುತ್ತದೆ. ಹಲ್ಲು ಮರವನ್ನು ಕಚ್ಚುವುದು ಅಲ್ಲಿ, ಹಾಕಿದ ಗೆರೆ ಕಾಣುವುದೂ ಅಲ್ಲಿ. ಆದರೆ ಹಲಗೆ ಎಗರಿ ಬಂದು ಹೊಟ್ಟೆಗೆ ಬಡಿಯುವಂಥ ಅಪಘಾತ ಶುರುವಾಗುವುದು ಬ್ಲೇಡಿನ ಹಿಂಭಾಗದಲ್ಲಿ, ನಮಗೆ ಸರಿಯಾಗಿ ಕಾಣದ ಕಡೆ. ಈ ಯಂತ್ರದ ಸುರಕ್ಷತೆಯ ನಿಯಮಗಳು ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಉದ್ದ ಪಟ್ಟಿಯಂತೆ ಕಾಣುತ್ತವೆ. ಹಿಂದಿನ ಹಲ್ಲುಗಳು ಏನು ಮಾಡುತ್ತವೆ ಎಂಬುದು ಅರ್ಥವಾದರೆ ಅವುಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ಹೊಳೆಯುತ್ತವೆ. ಹಾಗಾಗಿ ಮೊದಲು ಅದನ್ನೇ ನೋಡೋಣ.

ಬ್ಲೇಡ್ ತಿರುಗುವ ದಿಕ್ಕು ಹೀಗಿದೆ: ನಿಮ್ಮ ಕಡೆಗಿರುವ ಹಲ್ಲುಗಳು ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ, ಮರವನ್ನು ಟೇಬಲ್ಲಿಗೆ ಒತ್ತುತ್ತವೆ. ಇದು ಒಳ್ಳೆಯದೇ. ಅದೇ ಹಲ್ಲುಗಳು ಟೇಬಲ್ಲಿನ ಕೆಳಗೆ ಸುತ್ತಿ ಹಿಂಭಾಗದಲ್ಲಿ ಮೇಲೇಳುತ್ತವೆ, ಬ್ಲೇಡಿನ ನೆತ್ತಿಯ ಮೇಲಿಂದ ನಿಮ್ಮತ್ತ ಬರುತ್ತವೆ. ಹಲಗೆ ಈಗಾಗಲೇ ಸೀಳಿ ಎರಡಾಗಿರುವುದರಿಂದ ಹಿಂದಿನ ಹಲ್ಲುಗಳಿಗೆ ಅಲ್ಲಿ ಕೆಲಸವೇನೂ ಇಲ್ಲ. ಅವು ಮರವನ್ನು ಮುಟ್ಟಲೇಬಾರದು. ಮುಟ್ಟಿದರೆ ಮರವನ್ನು ಎತ್ತುತ್ತವೆ, ಎತ್ತಿದ ಮರ ಬ್ಲೇಡಿನ ನೆತ್ತಿಗೆ ಸಿಗುತ್ತದೆ, ನೆತ್ತಿ ಅದನ್ನು ನಿಮ್ಮ ಕಡೆಗೆ ಎಸೆಯುತ್ತದೆ. ಇದಕ್ಕೆ ಕಿಕ್‌ಬ್ಯಾಕ್ ಎನ್ನುತ್ತಾರೆ.

ವೇಗದ ಲೆಕ್ಕ ಹಾಕಿ ನೋಡಿ. ಹತ್ತು ಇಂಚಿನ, ಅಂದರೆ 254 ಮಿ.ಮೀ. ವ್ಯಾಸದ ಬ್ಲೇಡಿನ ಸುತ್ತಳತೆ ಸುಮಾರು 0.8 ಮೀಟರ್. ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಹಲ್ಲಿನ ತುದಿ ಸೆಕೆಂಡಿಗೆ 53 ಮೀಟರ್ ಓಡುತ್ತದೆ. ಗಂಟೆಗೆ 190 ಕಿಲೋಮೀಟರ್. ಏನೋ ಆಯಿತು ಎಂದು ಗೊತ್ತಾಗಿ ಕೈ ಹಿಂದೆಗೆಯಲು ಮನುಷ್ಯನಿಗೆ ಬೇಕಾಗುವ ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಆ ತುದಿ ಹತ್ತು ಮೀಟರಿಗಿಂತ ಹೆಚ್ಚು ದೂರ ಸಾಗಿರುತ್ತದೆ. 'ಹುಷಾರಾಗಿದ್ದರೆ ಸಾಕು, ಬೇಗ ಕೈ ತೆಗೆಯುತ್ತೇನೆ' ಎಂಬ ನಂಬಿಕೆಗೆ ಇಲ್ಲಿ ಜಾಗವಿಲ್ಲ. ಹಲಗೆ ಬಡಿಯುವುದಕ್ಕಿಂತಲೂ ಕೆಟ್ಟದ್ದು ಇನ್ನೊಂದಿದೆ. ಕೈಕೆಳಗಿನ ಮರ ಕ್ಷಣದಲ್ಲಿ ಮಾಯವಾದಾಗ, ಅದನ್ನು ಒತ್ತುತ್ತಿದ್ದ ಕೈ ಅದೇ ಬಲದಲ್ಲಿ ಬ್ಲೇಡಿನ ಮೇಲೆ ಬೀಳುತ್ತದೆ.

ಮರ ಹಿಂದಿನ ಹಲ್ಲಿಗೆ ಸಿಗುವ ದಾರಿಗಳು

ಮೊದಲನೆಯದು, ಸೀಳು ಮುಚ್ಚಿಕೊಳ್ಳುವುದು. ಮರ ಒಣಗುವಾಗ ಹೊರಪದರಕ್ಕೂ ಒಳತಿರುಳಿಗೂ ನಡುವೆ ಬಿಗುವು ಉಳಿದುಬಿಡುತ್ತದೆ. ವಾಲಿಕೊಂಡು ಬೆಳೆದ ಮರದಲ್ಲಿ, ಕೊಂಬೆಯ ಮರದಲ್ಲಿ ಇದು ಇನ್ನೂ ಹೆಚ್ಚು. ಹಲಗೆಯನ್ನು ಉದ್ದಕ್ಕೆ ಕೊಯ್ದಾಗ ಆ ಬಿಗುವು ಬಿಚ್ಚಿಕೊಂಡು ಎರಡು ಹೋಳುಗಳೂ ಬಾಗುತ್ತವೆ. ಹೊರಕ್ಕೆ ಬಾಗಿದರೆ ಒಂದು ಹೋಳು ಫೆನ್ಸಿಗೆ (ಬ್ಲೇಡಿನ ಪಕ್ಕದಲ್ಲಿ ಹಲಗೆಗೆ ಆಸರೆಯಾಗಿ ನಿಲ್ಲುವ ನೇರ ಪಟ್ಟಿ) ತಾಗಿ ಒತ್ತುತ್ತದೆ, ಒಳಕ್ಕೆ ಬಾಗಿದರೆ ಬ್ಲೇಡನ್ನು ಹಿಂಡುತ್ತದೆ. ಹೊರಗಿನಿಂದ ನೋಡಿ ಇದನ್ನು ಮೊದಲೇ ಹೇಳುವುದು ಕಷ್ಟ. ನೆಟ್ಟಗೆ ಕಾಣುವ ಹಲಗೆಯೂ ಅರ್ಧ ಕೊಯ್ದ ಮೇಲೆ ಬ್ಲೇಡನ್ನು ಹಿಡಿದುಕೊಳ್ಳಬಹುದು.

ಎರಡನೆಯದು, ಹಲಗೆ ಫೆನ್ಸ್ ಬಿಟ್ಟು ತಿರುಗುವುದು. ಹೊರಗಿನ ತುಂಡಿನ ಕಡೆಯಿಂದ ತಳ್ಳಿದರೆ, ಅಥವಾ ಹಲಗೆಯ ಅಂಚು ಸೊಟ್ಟಗಿದ್ದರೆ, ಹಲಗೆಯ ಹಿಂತುದಿ ಫೆನ್ಸಿನಿಂದ ಕೂದಲೆಳೆಯಷ್ಟು ದೂರ ಸರಿದು ಹಿಂದಿನ ಹಲ್ಲಿಗೆ ಒರಗುತ್ತದೆ. ಅಗಲ ಹೆಚ್ಚು, ಉದ್ದ ಕಡಿಮೆ ಇರುವ ತುಂಡುಗಳಲ್ಲಿ, ಪ್ಲೈವುಡ್ ಚೌಕಗಳಲ್ಲಿ ಇದು ತೀರಾ ಸಾಮಾನ್ಯ. ಫೆನ್ಸಿಗೆ ತಾಗುವ ಅಂಚು ಹಲಗೆಯ ಅಗಲಕ್ಕಿಂತ ಗಿಡ್ಡವಾಗಿದ್ದರೆ ಆ ತುಂಡನ್ನು ಫೆನ್ಸ್ ಮೇಲೆ ಓಡಿಸಬೇಡಿ. ಅದು ಸ್ಲೆಡ್ (ಹಲಗೆಯನ್ನು ಹೊತ್ತು ಟೇಬಲ್ಲಿನ ಮೇಲೆ ಜಾರುವ ಚೌಕಟ್ಟು) ಅಥವಾ ಮೈಟರ್ ಗೇಜಿನ (ಟೇಬಲ್ಲಿನ ತೋಡಿನಲ್ಲಿ ಜಾರುತ್ತ ಹಲಗೆಯನ್ನು ಅಡ್ಡಲಾಗಿ ಹಿಡಿಯುವ ಸಾಧನ) ಕೆಲಸ.

ಮೂರನೆಯದು, ಬ್ಲೇಡಿಗೂ ಫೆನ್ಸಿಗೂ ನಡುವೆ ಬಿಡಿ ತುಂಡು ಸಿಕ್ಕಿಕೊಳ್ಳುವುದು. ಫೆನ್ಸನ್ನು ಅಳತೆಯ ತಡೆಯಾಗಿ ಇಟ್ಟು ಮೈಟರ್ ಗೇಜಿನಿಂದ ಅಡ್ಡ ಕೊಯ್ದರೆ ಕತ್ತರಿಸಿದ ತುಂಡು ಅಲ್ಲೇ ಒಂಟಿಯಾಗಿ ಉಳಿಯುತ್ತದೆ. ಅದನ್ನು ಹಿಡಿದವರಿಲ್ಲ, ತಳ್ಳುವವರಿಲ್ಲ. ಸ್ವಲ್ಪ ಓರೆಯಾದರೂ ಹಾರುತ್ತದೆ. ಆದ್ದರಿಂದಲೇ ಆರುಪಾರು ಕೊಯ್ಯುವಾಗ ಫೆನ್ಸ್ ಮತ್ತು ಮೈಟರ್ ಗೇಜ್ ಎರಡನ್ನೂ ಒಟ್ಟಿಗೆ ಬಳಸಬಾರದು ಎನ್ನುವುದು. ಒಂದೇ ಅಳತೆಯ ತುಂಡುಗಳು ಬೇಕಿದ್ದರೆ ಬ್ಲೇಡಿಗಿಂತ ಸಾಕಷ್ಟು ಮುಂಚೆಯೇ ಮುಗಿಯುವ ಹಾಗೆ ಫೆನ್ಸಿಗೆ ಒಂದು ಮರದ ತುಂಡನ್ನು ಕ್ಲ್ಯಾಂಪ್ ಮಾಡಿ, ಅಳತೆಯನ್ನು ಅದಕ್ಕೆ ತಾಗಿಸಿ ತೆಗೆದುಕೊಳ್ಳಿ. ಕೊಯ್ಯುವ ಹೊತ್ತಿಗೆ ಹಲಗೆ ಆ ತಡೆಯನ್ನು ದಾಟಿ ಮುಂದೆ ಹೋಗಿರುತ್ತದೆ, ಕತ್ತರಿಸಿದ ತುಂಡಿಗೆ ಪಕ್ಕಕ್ಕೆ ಸರಿಯಲು ಜಾಗವಿರುತ್ತದೆ.

ಬರಿಗೈಯಲ್ಲಿ, ಯಾವ ಆಸರೆಯೂ ಇಲ್ಲದೆ ಗೆರೆ ನೋಡಿಕೊಂಡು ತಳ್ಳುವ ವಿಚಾರ ಬರೆಯಲೇಬೇಕೆ? ಮಾಡಬೇಡಿ.

ರೈವಿಂಗ್ ನೈಫ್

ಬ್ಲೇಡಿನ ಹಿಂದೆ ಬಾಗಿ ನಿಂತಿರುವ ಉಕ್ಕಿನ ಪಟ್ಟಿಯೇ ರೈವಿಂಗ್ ನೈಫ್. ಅದಕ್ಕೆ ಹರಿತವಿಲ್ಲ, ಅದು ಏನನ್ನೂ ಕೊಯ್ಯುವುದಿಲ್ಲ. ಸೀಳಿನೊಳಗೆ ನುಗ್ಗಿ ನಿಂತು ಎರಡು ಹೋಳುಗಳನ್ನು ದೂರವಿಡುವುದು, ಹಲಗೆ ಹಿಂದಿನ ಹಲ್ಲಿನ ಮೇಲೆ ತಿರುಗದಂತೆ ಗೋಡೆಯಾಗುವುದು ಅದರ ಕೆಲಸ. ಟೇಬಲ್ ಸಾದಲ್ಲಿರುವ ಸುರಕ್ಷತಾ ಭಾಗಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಿ ಎಂದರೆ ಇದನ್ನೇ ಉಳಿಸಿಕೊಳ್ಳಬೇಕು.

ಅದರ ದಪ್ಪ ಬ್ಲೇಡಿಗೆ ಹೊಂದಬೇಕು. ಬ್ಲೇಡಿನಲ್ಲಿ ಎರಡು ಅಳತೆಗಳಿರುತ್ತವೆ: ತಟ್ಟೆಯ ದಪ್ಪ ಮತ್ತು ಹಲ್ಲಿನ ಅಗಲ. ಹಲ್ಲಿನ ಅಗಲವೇ ಸೀಳಿನ ಅಗಲ. ನೈಫ್ ತಟ್ಟೆಗಿಂತ ದಪ್ಪವಾಗಿ, ಸೀಳಿಗಿಂತ ತೆಳುವಾಗಿ ಇರಬೇಕು. ಉದಾಹರಣೆಗೆ ತಟ್ಟೆ 2.2 ಮಿ.ಮೀ., ಹಲ್ಲು 3.2 ಮಿ.ಮೀ. ಇದ್ದರೆ 2.5ರಿಂದ 2.8 ಮಿ.ಮೀ. ನೈಫ್ ಸರಿ. ದಪ್ಪ ಬ್ಲೇಡ್ ತೆಗೆದು 2.4 ಮಿ.ಮೀ. ಸೀಳಿನ ತೆಳು ಬ್ಲೇಡ್ ಹಾಕಿ, ನೈಫ್ ಬದಲಿಸದೆ ಬಿಟ್ಟರೆ ಹಲಗೆ ಅರ್ಧದಲ್ಲಿ ನೈಫಿಗೆ ಡಿಕ್ಕಿ ಹೊಡೆದು ನಿಲ್ಲುತ್ತದೆ. ಆಗ ಬಹಳ ಜನ ನೈಫನ್ನೇ ಬಿಚ್ಚಿ ಪಕ್ಕಕ್ಕಿಟ್ಟುಬಿಡುತ್ತಾರೆ. ತಪ್ಪು ಬ್ಲೇಡಿನದು, ಶಿಕ್ಷೆ ನೈಫಿಗೆ. ಬ್ಲೇಡ್ ಕೊಳ್ಳುವಾಗಲೇ ಈ ಎರಡು ಅಳತೆಗಳನ್ನು ಓದಿಕೊಳ್ಳಬೇಕು. ಬ್ಲೇಡಿನ ಮೇಲೆ ಬರೆದಿರುವ ಗರಿಷ್ಠ ಸುತ್ತು ನಿಮ್ಮ ಯಂತ್ರದ ಸುತ್ತಿಗಿಂತ ಹೆಚ್ಚಿದೆಯೇ ಎಂಬುದನ್ನೂ ಆಗಲೇ ನೋಡಿಕೊಳ್ಳಿ.

ನೈಫಿಗೂ ಹಲ್ಲಿನ ತುದಿಗೂ ನಡುವಿನ ಅಂತರ 3ರಿಂದ 8 ಮಿ.ಮೀ. ಒಳಗಿರಲಿ. ಹೆಚ್ಚಾದರೆ ಆ ಸಂದಿನಲ್ಲೇ ಮರ ಹಿಂದಿನ ಹಲ್ಲಿಗೆ ಸಿಗಬಹುದು. ಹಳೆಯ ಯಂತ್ರಗಳಲ್ಲಿರುವ ಸ್ಪ್ಲಿಟರ್ ಕೂಡ ಇದೇ ಕೆಲಸಕ್ಕೆ ಇರುವುದು, ಆದರೆ ಅದು ಒಂದೇ ಕಡೆ ನಿಂತಿರುತ್ತದೆ. ಬ್ಲೇಡ್ ತಗ್ಗಿಸಿದಾಗ ಅಂತರ ಹೆಚ್ಚುತ್ತದೆ. ರೈವಿಂಗ್ ನೈಫ್ ಬ್ಲೇಡಿನ ಜೊತೆಯಲ್ಲೇ ಏರಿಳಿದು ಅಂತರವನ್ನು ಕಾಯ್ದುಕೊಳ್ಳುತ್ತದೆ.

ಮರ ಮುಟ್ಟುವ ಮೊದಲು ಯಂತ್ರ

ಫೆನ್ಸ್ ಬ್ಲೇಡಿಗೆ ಸಮಾನಾಂತರವಾಗಿಲ್ಲದಿದ್ದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಫೆನ್ಸಿನ ಹಿಂತುದಿ ಬ್ಲೇಡಿನತ್ತ ವಾಲಿದ್ದರೆ ಪ್ರತಿಸಲವೂ ನೀವೇ ಮರವನ್ನು ಹಿಂದಿನ ಹಲ್ಲಿಗೆ ಒತ್ತಿಕೊಡುತ್ತಿದ್ದೀರಿ ಎಂದರ್ಥ.

ಪರೀಕ್ಷೆ ಹೀಗೆ. ಪ್ಲಗ್ ಕಿತ್ತುಹಾಕಿ, ಸ್ವಿಚ್ ಆರಿಸಿದರೆ ಸಾಲದು. ಬ್ಲೇಡನ್ನು ಪೂರ್ತಿ ಎತ್ತಿ ಒಂದು ಹಲ್ಲಿಗೆ ಬಣ್ಣದಿಂದ ಗುರುತು ಮಾಡಿ. ಆ ಹಲ್ಲನ್ನು ಮುಂದಕ್ಕೆ ತಂದು, ಟೇಬಲ್ಲಿನ ಮೈಟರ್ ಸ್ಲಾಟ್‌ನ ಅಂಚಿಗೆ ಜಾರುವ ಮೂಲೆಮಟ್ಟವನ್ನು ತಾಗಿಸಿ, ಅದರ ಪಟ್ಟಿ ಹಲ್ಲಿಗೆ ಮೆಲ್ಲಗೆ ಸೋಕುವಂತೆ ಬಿಗಿ ಮಾಡಿ. ಈಗ ಅದೇ ಹಲ್ಲನ್ನು ಕೈಯಿಂದ ಹಿಂಭಾಗಕ್ಕೆ ತಿರುಗಿಸಿ, ಮೂಲೆಮಟ್ಟವನ್ನೂ ಹಿಂದಕ್ಕೆ ಜಾರಿಸಿ ಮತ್ತೆ ತಾಗಿಸಿ ನೋಡಿ. ಅದೇ ಹಲ್ಲು ಏಕೆ ಎಂದರೆ, ಬೇರೆ ಹಲ್ಲು ತೆಗೆದುಕೊಂಡರೆ ಬ್ಲೇಡಿನ ಸ್ವಂತ ಸೊಟ್ಟು ಲೆಕ್ಕದಲ್ಲಿ ಸೇರಿಕೊಳ್ಳುತ್ತದೆ. ವ್ಯತ್ಯಾಸ 0.1 ಮಿ.ಮೀ. ಒಳಗಿದ್ದರೆ ಚೆನ್ನ. ಹೆಚ್ಚಿದ್ದರೆ ಯಂತ್ರದ ಕೈಪಿಡಿ ಹೇಳುವಂತೆ ಟೇಬಲ್ ಅಥವಾ ಆರ್ಬರ್ (ಬ್ಲೇಡ್ ಹಾಕುವ ದಂಡ) ಕೂತಿರುವ ಟ್ರನಿಯನ್ ಎಂಬ ಆಧಾರವನ್ನು ಸಡಿಲಿಸಿ ಸರಿಪಡಿಸಬೇಕು. ಆಮೇಲೆ ಫೆನ್ಸನ್ನು ಅದೇ ಸ್ಲಾಟಿಗೆ ಸಮಾನಾಂತರ ಮಾಡಿ. ಸಮಾನಾಂತರವಿರಲಿ, ಇಲ್ಲವೇ ಹಿಂತುದಿ 0.1 ಮಿ.ಮೀ.ನಷ್ಟು ಹೊರಗೇ ಇರಲಿ. ಒಳಗೆ ಮಾತ್ರ ಬೇಡ.

ಕೊಯ್ದ ಅಂಚು ಕೂಡ ಇದನ್ನು ಹೇಳುತ್ತದೆ. ಅಂಚಿನ ಮೇಲೆ ಬಿಲ್ಲಿನಾಕಾರದ ಗೀರುಗಳು ಒಂದೇ ದಿಕ್ಕಿಗೆ ಬಾಗಿದ್ದರೆ ಮುಂದಿನ ಹಲ್ಲು ಮಾತ್ರ ಕೊಯ್ದಿದೆ. ಎರಡು ದಿಕ್ಕಿನ ಗೀರುಗಳು ಒಂದರ ಮೇಲೊಂದು ಹಾಯ್ದಿದ್ದರೆ ಹಿಂದಿನ ಹಲ್ಲೂ ಸೋಕುತ್ತಿದೆ. ಫೆನ್ಸ್ ಕಡೆಯ ಅಂಚು ಮಾತ್ರ ಕಪ್ಪಾಗಿ ಸುಟ್ಟಿದ್ದರೆ ಫೆನ್ಸ್ ವಾಲಿದೆ ಎಂದೇ ಅನುಮಾನಿಸಿ. ಎರಡೂ ಕಡೆ ಸುಟ್ಟಿದ್ದರೆ ಬ್ಲೇಡ್ ಮೊಂಡಾಗಿದೆ, ಅಂಟು ಕಟ್ಟಿದೆ, ಅಥವಾ ನೀವು ಬಹಳ ನಿಧಾನ ತಳ್ಳುತ್ತಿದ್ದೀರಿ.

ಇನ್ನು ಬ್ಲೇಡಿನ ಆಯ್ಕೆ. ಉದ್ದಕ್ಕೆ ಸೀಳಲು 24 ಹಲ್ಲಿನ, ಚಪ್ಪಟೆ ತುದಿಯ ರಿಪ್ ಬ್ಲೇಡ್ ಬೇಕು. ನುಣುಪು ಬರಲಿ ಎಂದು 60 ಅಥವಾ 80 ಹಲ್ಲಿನ ಬ್ಲೇಡಿನಿಂದ ದಪ್ಪ ಗಟ್ಟಿಮರ ಸೀಳುವುದು ಬಹಳ ಕಡೆ ಕಾಣುವ ತಪ್ಪು. ನಿಮಿಷಕ್ಕೆ 4 ಮೀಟರ್ ವೇಗದಲ್ಲಿ ತಳ್ಳಿದರೆ 24 ಹಲ್ಲಿನ ಬ್ಲೇಡಿನ ಒಂದೊಂದು ಹಲ್ಲೂ ಸುಮಾರು 0.04 ಮಿ.ಮೀ. ಮರ ತೆಗೆಯುತ್ತದೆ. 60 ಹಲ್ಲಿದ್ದರೆ 0.017 ಮಿ.ಮೀ. ಮಾತ್ರ. ಅಷ್ಟು ತೆಳುವಾದಾಗ ಹಲ್ಲು ಕೊಯ್ಯುವ ಬದಲು ಉಜ್ಜುತ್ತದೆ. ಬಿಸಿ ಏರುತ್ತದೆ, ಮರ ಸುಡುತ್ತದೆ, ಹಲ್ಲುಸಂದಿನಲ್ಲಿ ಹೊಟ್ಟು ತುಂಬಿಕೊಳ್ಳುತ್ತದೆ. ನೀವು ಇನ್ನೂ ಜೋರಾಗಿ ತಳ್ಳುತ್ತೀರಿ, ಜಾರಿದರೆ ಕೈ ಮುಂದಕ್ಕೆ ಹೋಗುತ್ತದೆ.

ಬ್ಲೇಡ್ ಬಿಚ್ಚುವಾಗ ನಟ್ಟು ಯಾವ ಕಡೆಗೆ ತಿರುಗಿಸಬೇಕು ಎಂಬ ಗೊಂದಲ ಎಲ್ಲರಿಗೂ ಬರುತ್ತದೆ. ಬ್ಲೇಡ್ ತಿರುಗುವ ದಿಕ್ಕಿಗೇ ನಟ್ಟು ಸಡಿಲಾಗುತ್ತದೆ, ಎದುರು ದಿಕ್ಕಿಗೆ ಬಿಗಿಯುತ್ತದೆ. ಇಷ್ಟು ನೆನಪಿಟ್ಟುಕೊಂಡರೆ ಯಾವ ಯಂತ್ರವಾದರೂ ಸರಿ.

ಹಲಗೆಯನ್ನು ಸೀಳುವುದು

ಹಲಗೆಯ ಒಂದು ಮುಖ ಸಮತಟ್ಟಾಗಿರಬೇಕು, ಒಂದು ಅಂಚು ನೇರವಾಗಿರಬೇಕು. ಮುಖ ಟೇಬಲ್ಲಿನ ಮೇಲೆ, ಅಂಚು ಫೆನ್ಸಿಗೆ. ಟೇಬಲ್ ಸಾ ಸೊಟ್ಟ ಹಲಗೆಯನ್ನು ನೇರ ಮಾಡುವುದಿಲ್ಲ. ಫೆನ್ಸಿಗೆ ತಾಗಿದ ಅಂಚನ್ನೇ ಇನ್ನೊಂದು ಕಡೆ ನಕಲು ಮಾಡುತ್ತದೆ ಅಷ್ಟೇ. ತಿರುಚಿದ, ದೋಣಿಯಂತೆ ಬಾಗಿದ ಹಲಗೆ ಮಧ್ಯದಲ್ಲಿ ಅಲುಗಾಡಿ ಬ್ಲೇಡನ್ನು ಹಿಂಡುತ್ತದೆ. ಮೊದಲು ಉಜ್ಜುಗೊರಡು ಅಥವಾ ಜಾಯಿಂಟರ್‌ನಲ್ಲಿ ಸರಿಮಾಡಿ ತನ್ನಿ. ಮೊಳೆ, ಸಡಿಲ ಗಂಟು, ಮರಳು ಇದೆಯೇ ನೋಡಿ. 300 ಮಿ.ಮೀ.ಗಿಂತ ಗಿಡ್ಡ ತುಂಡುಗಳನ್ನು ಸೀಳಲು ಹೋಗಬೇಡಿ. ಉದ್ದ ಹಲಗೆ ಸೀಳಿ ಆಮೇಲೆ ತುಂಡು ಮಾಡಿ.

ಅಳತೆ ಹಾಕುವಾಗ ಸೀಳಿನಲ್ಲಿ ಹೋಗುವ ಮರವನ್ನು ಮರೆಯಬಾರದು. 150 ಮಿ.ಮೀ. ಹಲಗೆಯನ್ನು 3.2 ಮಿ.ಮೀ. ಬ್ಲೇಡಿನಿಂದ ಸಮಪಾಲು ಮಾಡಿದರೆ ಸಿಗುವುದು 73.4 ಮಿ.ಮೀ.ನ ಎರಡು ಪಟ್ಟಿ, 75ರದಲ್ಲ. ಫೆನ್ಸಿನಿಂದ ಅಳೆಯುವಾಗ ಟೇಪನ್ನು ಫೆನ್ಸ್ ಕಡೆಯ ಹಲ್ಲಿನ ತುದಿಗೆ ಇಡಬೇಕು, ತಟ್ಟೆಗಲ್ಲ. ಬಿಗುವಿರುವ ಮರ ಎಂದು ಅನುಮಾನವಿದ್ದರೆ 4–5 ಮಿ.ಮೀ. ಹೆಚ್ಚಿಟ್ಟು ಒರಟಾಗಿ ಸೀಳಿ, ಬಾಗಲು ಬಿಟ್ಟು, ಅಂಚನ್ನು ಮತ್ತೆ ನೇರ ಮಾಡಿ, ಎರಡನೇ ಸಲ ಅಳತೆಗೆ ತನ್ನಿ. ಒಳ್ಳೆಯ ಪೀಠೋಪಕರಣ ಮಾಡುವವರು ಹೀಗೆಯೇ ಮಾಡುತ್ತಾರೆ, ಸುರಕ್ಷತೆಗೂ ಹೌದು, ನೇರ ಪಟ್ಟಿಗೂ ಹೌದು.

ಬ್ಲೇಡಿನ ಎತ್ತರದ ಬಗ್ಗೆ ವಾದಗಳಿವೆ. ಎತ್ತರ ಹೆಚ್ಚಿದರೆ ಹಲ್ಲು ಹೆಚ್ಚು ಕಡಿದಾಗಿ ಕೆಳಕ್ಕೆ ಒತ್ತುತ್ತದೆ, ಕೊಯ್ತ ಸಲೀಸು. ಆದರೆ ಮರದ ಮೇಲೆ ಕಾಣುವ ಉಕ್ಕು ಹೆಚ್ಚು. ತೀರಾ ತಗ್ಗಿಸಿದರೆ ಹಲ್ಲು ಮರವನ್ನು ನಿಮ್ಮ ಕಡೆಗೆ ತಳ್ಳುವುದು ಹೆಚ್ಚಾಗುತ್ತದೆ, ಹೊಟ್ಟು ಹೊರಬೀಳುವುದಿಲ್ಲ. ಹಲ್ಲುಸಂದಿನ ತಳ ಹಲಗೆಯ ಮೇಲ್ಮೈಗಿಂತ ತುಸು ಮೇಲಿರುವ ಎತ್ತರ ಎರಡಕ್ಕೂ ಒಪ್ಪುವಂಥದ್ದು. ಬ್ಲೇಡನ್ನು ಮುಚ್ಚುವ ಮೇಲುಗಡೆಯ ಗಾರ್ಡ್ ಹಾಕಿಕೊಂಡಿದ್ದರೆ ಸ್ವಲ್ಪ ಎತ್ತರವಿದ್ದರೂ ಚಿಂತೆಯಿಲ್ಲ.

ನಿಲ್ಲುವ ಜಾಗ: ಫೆನ್ಸ್ ಬ್ಲೇಡಿನ ಬಲಕ್ಕಿದ್ದರೆ ನೀವು ಬ್ಲೇಡಿನ ಗೆರೆಯಿಂದ ತುಸು ಎಡಕ್ಕೆ. ಫೆನ್ಸಿಗೂ ಬ್ಲೇಡಿಗೂ ನಡುವಿನ ತುಂಡು ಹಾರಿದರೆ ಆ ಓಣಿಯಲ್ಲೇ ಬರುತ್ತದೆ. ಆ ಓಣಿಯಲ್ಲಿ ನೀವೂ ಇರಬಾರದು, ಹಿಂದೆ ಬೇರೆಯವರೂ ನಿಂತಿರಬಾರದು. ಸ್ವಿಚ್ಚನ್ನು ಮೊಣಕಾಲಿನಿಂದ ಅಥವಾ ತೊಡೆಯಿಂದ ಆರಿಸುವಂತಿದ್ದರೆ ಒಳ್ಳೆಯದು, ಏಕೆಂದರೆ ತೊಂದರೆ ಬಂದಾಗ ಎರಡು ಕೈಗಳೂ ಮರವನ್ನು ಹಿಡಿದಿರುತ್ತವೆ. ಕರೆಂಟ್ ಹೋಗಿ ಬಂದಾಗ ತಾನಾಗಿ ಶುರುವಾಗದ ಮ್ಯಾಗ್ನೆಟಿಕ್ ಸ್ವಿಚ್ ಇಲ್ಲದ ಯಂತ್ರಕ್ಕೆ ಅದನ್ನು ಹಾಕಿಸಲೇಬೇಕು.

ತಳ್ಳುವಾಗ ಮೂರು ದಿಕ್ಕಿನ ಒತ್ತಡ ಬೇಕು: ಮುಂದಕ್ಕೆ, ಕೆಳಕ್ಕೆ, ಫೆನ್ಸಿನ ಕಡೆಗೆ. ಮುಂದಕ್ಕೆ ತಳ್ಳುವ ಬಲ ಯಾವಾಗಲೂ ಬ್ಲೇಡಿಗೂ ಫೆನ್ಸಿಗೂ ನಡುವಿನ ತುಂಡಿನ ಮೇಲಿರಲಿ. ಹೊರಗಿನ ತುಂಡನ್ನು ಯಾರೂ ತಳ್ಳಬೇಕಿಲ್ಲ, ಅದು ಸುಮ್ಮನೆ ಬಿಡುಗಡೆಯಾಗಬೇಕು. ಎಡಗೈ ಹಲಗೆಯನ್ನು ಫೆನ್ಸಿಗೆ ಒತ್ತುವುದು ಬ್ಲೇಡಿಗಿಂತ ಮುಂಚಿನ ಭಾಗದಲ್ಲಿ ಮಾತ್ರ. ಬ್ಲೇಡಿನ ಪಕ್ಕದಲ್ಲಿ ಅಥವಾ ಅದರಾಚೆ ಒತ್ತಿದರೆ ಸೀಳನ್ನು ನೀವೇ ಮುಚ್ಚಿದಂತೆ. ಬೆರಳುಗಳಂಥ ಸೀಳುಗಳಿಂದ ಹಲಗೆಯನ್ನು ಒತ್ತಿಹಿಡಿಯುವ ಫೆದರ್‌ಬೋರ್ಡಿಗೂ ಇದೇ ಮಾತು: ಅದರ ಕೊನೆಯ ಬೆರಳು ಬ್ಲೇಡಿನ ಮೊದಲ ಹಲ್ಲಿಗಿಂತ ಹಿಂದೆಯೇ, ನಿಮ್ಮ ಕಡೆಯಲ್ಲೇ ಮುಗಿಯಬೇಕು.

ಬೆರಳು ಬ್ಲೇಡಿನಿಂದ 150 ಮಿ.ಮೀ.ಗಿಂತ ಹತ್ತಿರ ಹೋಗುವ ಹಾಗಿದ್ದರೆ ಪುಶ್ ಸ್ಟಿಕ್ ಹಿಡಿಯಿರಿ. ಹಕ್ಕಿಬಾಯಿಯಂಥ ಕಚ್ಚಿರುವ ಕೋಲು ತುದಿಯನ್ನು ಮಾತ್ರ ಹಿಡಿಯುತ್ತದೆ, ಹಲಗೆಯ ಮುಂಭಾಗ ಮೇಲೇಳುವುದನ್ನು ತಡೆಯುವುದಿಲ್ಲ. ಅದಕ್ಕಿಂತ ಚಪ್ಪಲಿಯಂತೆ ಉದ್ದ ತಳವಿದ್ದು ಹಿಂದೆ ಹಿಮ್ಮಡಿಯಿರುವ ಪುಶ್ ಶೂ ಮೇಲು, ಅದು ಒಟ್ಟಿಗೇ ಒತ್ತುತ್ತದೆ, ತಳ್ಳುತ್ತದೆ. 12 ಅಥವಾ 18 ಮಿ.ಮೀ. ಪ್ಲೈವುಡ್‌ನಲ್ಲಿ ಸುಮಾರು 250 ಮಿ.ಮೀ. ಉದ್ದಕ್ಕೆ ಮಾಡಿಕೊಳ್ಳಿ. ಹಿಮ್ಮಡಿ ನೀವು ಕೊಯ್ಯುವ ಹಲಗೆಗಿಂತ ತೆಳುವಿರಲಿ. ಬ್ಲೇಡಿಗೆ ಸಿಕ್ಕಿ ಸವೆದರೆ ಇನ್ನೊಂದು ಮಾಡಿದರಾಯಿತು, ಅದು ಸವೆಯಲೆಂದೇ ಇರುವುದು.

ಒಮ್ಮೆ ಶುರು ಮಾಡಿದ ಮೇಲೆ ನಡುವೆ ನಿಲ್ಲಿಸಬೇಡಿ, ಹಿಂದಕ್ಕೆ ಎಳೆಯಲಂತೂ ಬೇಡಿ. ತುಂಡು ರೈವಿಂಗ್ ನೈಫನ್ನು ಪೂರ್ತಿ ದಾಟುವವರೆಗೂ ತಳ್ಳಿ. ಬ್ಲೇಡ್ ದಾಟಿತು ಎಂದು ಅಲ್ಲೇ ಬಿಟ್ಟ ತುಂಡೇ ಹಿಂದಿನ ಹಲ್ಲಿನ ಪಕ್ಕದಲ್ಲಿ ಕೂತಿರುವ ತುಂಡು. ಉದ್ದ ಹಲಗೆ ಹಿಂದೆ ತೂಗಿ ಬೀಳದಂತೆ ಟೇಬಲ್ಲಿಗಿಂತ ಒಂದೆರಡು ಮಿ.ಮೀ. ತಗ್ಗಿನಲ್ಲಿ ಆಸರೆ ಇಡಿ. ಆಚೆ ನಿಂತು ಇನ್ನೊಬ್ಬರು ಹಿಡಿದುಕೊಳ್ಳುವುದಾದರೆ ಅವರು ಭಾರ ಹೊರಬೇಕು ಅಷ್ಟೇ. ಎಳೆಯಬಾರದು, ಪಕ್ಕಕ್ಕೆ ವಾಲಿಸಬಾರದು.

ನಡುವೆ ಮರ ಬಿಗಿಹಿಡಿದರೆ? ಮೋಟಾರಿನ ಸದ್ದು ಇಳಿಯುತ್ತದೆ, ಹಲಗೆ ನಡುಗುತ್ತದೆ. ಹಲಗೆಯನ್ನು ಕೆಳಕ್ಕೆ, ಫೆನ್ಸಿಗೆ ಒತ್ತಿ ಹಿಡಿದೇ ಸ್ವಿಚ್ ಆರಿಸಿ. ಬ್ಲೇಡ್ ಪೂರ್ತಿ ನಿಂತ ಮೇಲೆ ಪ್ಲಗ್ ಕಿತ್ತು, ಸೀಳಿನ ಹಿಂತುದಿಗೆ ತೆಳುವಾದ ಮರದ ಬೆಣೆ ಬಡಿದು, ಹಲಗೆಯನ್ನು ಬಿಡಿಸಿ ತೆಗೆದು ಕೈಬಿಡಿ. ಬ್ಯಾಂಡ್ ಸಾ ಇದ್ದರೆ ಅಂಥ ಹಲಗೆಯನ್ನು ಅಲ್ಲಿ ಸೀಳುವುದೇ ಸರಿ, ಅಲ್ಲಿ ಹಲ್ಲು ಕೆಳಮುಖವಾಗಿ ಮಾತ್ರ ಓಡುತ್ತದೆ.

ಗಟ್ಟಿಮರ ಸೀಳುವಾಗ ಗಿಡ್ಡ ಫೆನ್ಸ್ ಬಳಸುವ ಪದ್ಧತಿ ಇನ್ನೂ ಹೆಚ್ಚು ಜನರಿಗೆ ತಿಳಿಯಬೇಕು. ಫೆನ್ಸಿಗೆ 18 ಮಿ.ಮೀ. ಹಲಗೆಯೊಂದನ್ನು ಕ್ಲ್ಯಾಂಪ್ ಮಾಡಿ. ಅದು ಮುಂದಿನ ಹಲ್ಲುಗಳು ಮರವನ್ನು ಕಚ್ಚುವ ಜಾಗದಿಂದ ಸ್ವಲ್ಪವೇ ಆಚೆ ಮುಗಿಯಲಿ. ಆಗ ಸೀಳಿದ ಹೋಳು ಬಾಗಿದರೂ ಬಲಗಡೆ 18 ಮಿ.ಮೀ. ಖಾಲಿ ಜಾಗವಿರುತ್ತದೆ, ಬ್ಲೇಡಿಗೆ ಒತ್ತುವ ಗೋಡೆಯೇ ಇರುವುದಿಲ್ಲ. ಪ್ಲೈವುಡ್‌ಗೆ ಇದು ಬೇಡ. ಅದರಲ್ಲಿ ಬಿಗುವು ಕಡಿಮೆ, ಉದ್ದ ಫೆನ್ಸಿನ ಆಸರೆಯೇ ಮುಖ್ಯ.

ಐದಾರು ಮಿ.ಮೀ. ತೆಳು ಪಟ್ಟಿಗಳು ಬೇಕಾದಾಗ ಅವನ್ನು ಫೆನ್ಸಿಗೂ ಬ್ಲೇಡಿಗೂ ನಡುವೆ ಕೊಯ್ಯಬೇಡಿ, ತಳ್ಳುಕೋಲಿಗೂ ಅಲ್ಲಿ ಜಾಗವಿರುವುದಿಲ್ಲ. ಪಟ್ಟಿ ಬ್ಲೇಡಿನ ಹೊರಗಡೆ ಬೀಳಲಿ. ಬ್ಲೇಡಿಗಿಂತ ಮುಂಚೆ, ಎಡಗಡೆ, ಬೇಕಾದ ದಪ್ಪಕ್ಕೆ ಒಂದು ತಡೆ ಕಟ್ಟಿ, ಪ್ರತಿಸಲ ಹಲಗೆಯನ್ನು ಅದಕ್ಕೆ ತಾಗಿಸಿ ಫೆನ್ಸನ್ನು ಸರಿಸಿಕೊಳ್ಳಿ. ಬ್ಲೇಡಿನ ಸುತ್ತ ಸಂದಿಲ್ಲದ ಇನ್ಸರ್ಟ್ (ಟೇಬಲ್ಲಿನ ಬಾಯಿ ಮುಚ್ಚುವ ತಟ್ಟೆ) ಹಾಕದಿದ್ದರೆ ಪಟ್ಟಿ ಒಳಗೆ ಇಳಿದು ಸಿಕ್ಕಿಕೊಳ್ಳುತ್ತದೆ.

ಗ್ರೂವ್ ಹೊಡೆಯುವುದು

ಎಳೆಯ ಉದ್ದಕ್ಕೆ ಹೊಡೆದ ತೋಡು ಗ್ರೂವ್, ಎಳೆಗೆ ಅಡ್ಡ ಹೊಡೆದದ್ದು ಡೇಡೋ, ಅಂಚಿನಲ್ಲಿ ಮೆಟ್ಟಿಲಿನಂತೆ ತೆಗೆದದ್ದು ರ್‍ಯಾಬೆಟ್. ಮೂರರಲ್ಲೂ ಬ್ಲೇಡ್ ಹಲಗೆಯ ಮೇಲೆ ಹೊರಬರುವುದಿಲ್ಲ. ಅದು ಕಾಣದಿರುವುದೇ ಇಲ್ಲಿನ ಅಪಾಯ: ಕೈಯ ಕೆಳಗೆ, ಹತ್ತು ಮಿ.ಮೀ. ಮರದಾಚೆ ಹಲ್ಲು ತಿರುಗುತ್ತಿದೆ ಎಂಬುದು ಮರೆತುಹೋಗುತ್ತದೆ. ಹಲಗೆ ಬ್ಲೇಡನ್ನು ದಾಟಿದ ಕ್ಷಣ ಅದರ ಹಿಂತುದಿಯಲ್ಲಿ ಹಲ್ಲು ಬಯಲಾಗುತ್ತದೆ, ಅಲ್ಲಿ ಹೆಬ್ಬೆರಳು ಇರಬಾರದು.

ಮೇಲುಗಡೆಯ ಗಾರ್ಡ್ ಇದ್ದರೆ ಹಲಗೆ ದಾಟಲಾಗದು, ಅದನ್ನು ತೆಗೆಯಬೇಕಾಗುತ್ತದೆ. ಆದರೆ ಒಂದೇ ಬ್ಲೇಡಿನಿಂದ ಗ್ರೂವ್ ಹೊಡೆಯುವುದಾದರೆ ರೈವಿಂಗ್ ನೈಫ್ ತೆಗೆಯಬೇಕಿಲ್ಲ. ನೈಫಿನ ತುದಿ ಬ್ಲೇಡಿನ ನೆತ್ತಿಗಿಂತ ಒಂದೆರಡು ಮಿ.ಮೀ. ಕೆಳಗಿರುವಂತೆ ತಗ್ಗಿಸಿದರೆ ಅದು ಗ್ರೂವಿನೊಳಗೇ ಸಾಗುತ್ತದೆ. ಅನೇಕ ಯಂತ್ರಗಳಲ್ಲಿ ಇದಕ್ಕೆಂದೇ ಎರಡನೇ ಸ್ಥಾನವಿದೆ.

ಡ್ರಾಯರ್ ತಳಕ್ಕೆ ಗ್ರೂವ್ ಹೊಡೆಯುವುದನ್ನು ಉದಾಹರಣೆಗೆ ತೆಗೆದುಕೊಳ್ಳಿ. 18 ಮಿ.ಮೀ. ದಪ್ಪದ ಪಕ್ಕದ ಹಲಗೆ, ಕೆಳ ಅಂಚಿನಿಂದ 10 ಮಿ.ಮೀ. ಮೇಲೆ ಗ್ರೂವ್, ಆಳ 8 ಮಿ.ಮೀ. ಅರ್ಧ ದಪ್ಪಕ್ಕಿಂತ ಆಳ ಹೋದರೆ ಹಲಗೆ ದುರ್ಬಲವಾಗುತ್ತದೆ. 6 ಮಿ.ಮೀ. ಎಂದು ಕರೆಯುವ ಪ್ಲೈವುಡ್ ಅಳೆದರೆ 5.5 ಇರಬಹುದು, ಹಾಗಾಗಿ ಹೆಸರನ್ನು ನಂಬದೆ ಅಳೆಯಿರಿ. 3.2 ಮಿ.ಮೀ. ಬ್ಲೇಡಿನಿಂದ ಮೊದಲ ಸಲ ಎಲ್ಲ ಹಲಗೆಗಳನ್ನೂ ಓಡಿಸಿ. ಬ್ಲೇಡ್ ನಿಲ್ಲಿಸಿ ಫೆನ್ಸನ್ನು 2.4 ಮಿ.ಮೀ. ಸರಿಸಿ, ಅದೇ ಅಂಚನ್ನು ಫೆನ್ಸಿಗೆ ಇಟ್ಟು ಮತ್ತೆ ಓಡಿಸಿ. 5.6 ಮಿ.ಮೀ. ಗ್ರೂವ್ ಸಿಗುತ್ತದೆ, ತಳ ಸಲೀಸಾಗಿ ಜಾರುತ್ತದೆ. ಇನ್ನೂ ಅಗಲ ಬೇಕಿದ್ದರೆ ಮೊದಲು ಎರಡು ಗೋಡೆಗಳನ್ನು ಹೊಡೆದು ಆಮೇಲೆ ನಡುವಿನದನ್ನು ತೆಗೆಯಿರಿ. ಒಂದೇ ಕಡೆ ಮರವಿದ್ದರೆ ತೆಳು ಬ್ಲೇಡ್ ಖಾಲಿ ಕಡೆಗೆ ಬಾಗುತ್ತದೆ. ಗ್ರೂವ್ ಹಲಗೆಯ ನಟ್ಟನಡುವೆ ಬರಬೇಕಿದ್ದರೆ ಅಳೆಯುವ ಕಷ್ಟವೇ ಬೇಡ: ಒಂದು ಸಲ ಓಡಿಸಿ, ಹಲಗೆಯ ತುದಿಗಳನ್ನು ಅದಲುಬದಲು ಮಾಡಿ ಇನ್ನೊಂದು ಅಂಚನ್ನು ಫೆನ್ಸಿಗಿಟ್ಟು ಮತ್ತೊಮ್ಮೆ ಓಡಿಸಿ.

ಇಲ್ಲಿಯೂ ಚಪ್ಪಟೆ ಹಲ್ಲಿನ ರಿಪ್ ಬ್ಲೇಡೇ ಬೇಕು. ಎಡಬಲಕ್ಕೆ ಓರೆ ಹಲ್ಲಿರುವ ಬ್ಲೇಡ್ ಗ್ರೂವಿನ ತಳದ ಎರಡು ಮೂಲೆಗಳಲ್ಲಿ ಚೂಪು ಕಿವಿಗಳಂತೆ ಗೀರು ಬಿಡುತ್ತದೆ.

ಗ್ರೂವಿನ ಆಳ ಅಲ್ಲಲ್ಲಿ ಕಡಿಮೆಯಾಗಿದ್ದರೆ ಹಲಗೆ ಮೇಲೆದ್ದಿದೆ ಎಂದರ್ಥ. ಅದು ಬರೀ ಕೆಲಸದ ದೋಷವಲ್ಲ, ಎದ್ದ ಹಲಗೆಯೇ ಹಾರುವ ಹಲಗೆ. ಫೆನ್ಸಿಗೆ ಕಟ್ಟಿದ ಫೆದರ್‌ಬೋರ್ಡಿನಿಂದ ಮೇಲಿನಿಂದ ಒತ್ತಿಸಿ, ಅಡಿಯಲ್ಲಿ ರಬ್ಬರಿರುವ ಪುಶ್ ಬ್ಲಾಕಿನಿಂದ ತಳ್ಳಿ.

ಡೇಡೋ ಸೆಟ್ ಎಂದರೆ ಹೊರಗೆ ಎರಡು ಬ್ಲೇಡು, ನಡುವಿನ ಮರ ಕೆತ್ತುವ ಚಿಪ್ಪರ್‌ಗಳು, ಅಳತೆ ಹೊಂದಿಸಲು ಶಿಮ್ ಎಂಬ ತೆಳು ಬಿಲ್ಲೆಗಳು. ಒಂದೇ ಸಲಕ್ಕೆ 18 ಮಿ.ಮೀ. ಅಗಲ ತೆಗೆಯಬಹುದು. ಎಲ್ಲ ಯಂತ್ರಕ್ಕೂ ಇದು ಹೊಂದುವುದಿಲ್ಲ. ಆರ್ಬರ್ ಗಿಡ್ಡವಿದ್ದರೆ ನಟ್ಟಿನ ಎಲ್ಲ ಎಳೆಗಳೂ ಕಚ್ಚುವುದಿಲ್ಲ, ಅಂಥ ಕಡೆ ಹಾಕಲೇಬಾರದು. ಹತ್ತು ಇಂಚಿನ ಸಾಕ್ಕೆ ಎಂಟು ಇಂಚಿನ ಸೆಟ್ ಸಾಕು. ಚಿಪ್ಪರ್ ಹಲ್ಲುಗಳು ಪಕ್ಕದ ಬ್ಲೇಡಿನ ಹಲ್ಲುಸಂದಿನಲ್ಲಿ ಕೂರಬೇಕು. ಹಲ್ಲಿಗೆ ಹಲ್ಲು ತಾಗಿದರೆ ಬಿಗಿಯುವಾಗಲೇ ಕಾರ್ಬೈಡ್ ತುದಿ ಒಡೆಯುತ್ತದೆ. ಎರಡು ಚಿಪ್ಪರ್‌ಗಳಿದ್ದರೆ ಒಂದಕ್ಕೊಂದು ಅಡ್ಡವಾಗಿ, ಮೂರಿದ್ದರೆ ಸುತ್ತಲೂ ಸಮ ಅಂತರದಲ್ಲಿ ಹಂಚಿ. ಅಗಲ ಇನ್ಸರ್ಟ್ ಹಾಕಿ, ಕೈಯಿಂದ ಒಂದು ಪೂರ್ತಿ ಸುತ್ತು ತಿರುಗಿಸಿ ಎಲ್ಲೂ ತಾಗುತ್ತಿಲ್ಲ ಎಂದು ನೋಡಿಯೇ ಪ್ಲಗ್ ಹಾಕಿ. ಡೇಡೋ ಸೆಟ್ಟಿನೊಂದಿಗೆ ರೈವಿಂಗ್ ನೈಫ್ ಹಾಕಲಾಗುವುದಿಲ್ಲ, ಅದಕ್ಕೇ ಇಲ್ಲಿ ಫೆದರ್‌ಬೋರ್ಡ್ ಅನಿವಾರ್ಯ. ಗಟ್ಟಿಮರದಲ್ಲಿ ಆಳವನ್ನು ಎರಡು ಮೂರು ಸಲಕ್ಕೆ ಹಂಚಿ, ಸಲಕ್ಕೆ 5–6 ಮಿ.ಮೀ.

ಅಡ್ಡ ಡೇಡೋ ಹೊಡೆಯುವಾಗ ಮೈಟರ್ ಗೇಜಿನ ಜೊತೆ ಫೆನ್ಸನ್ನು ಅಳತೆಯ ತಡೆಯಾಗಿ ಬಳಸಬಹುದು. ಮೇಲೆ ಬೇಡ ಎಂದದ್ದು ಇಲ್ಲಿ ಹೇಗೆ ಸರಿ? ತುಂಡು ಬಿಡಿಯಾಗುವುದಿಲ್ಲ, ಆದ್ದರಿಂದ ಬ್ಲೇಡಿಗೂ ಫೆನ್ಸಿಗೂ ನಡುವೆ ಸಿಕ್ಕಿಕೊಳ್ಳಲು ಏನೂ ಇಲ್ಲ.

ರ್‍ಯಾಬೆಟನ್ನು ಒಂದೇ ಬ್ಲೇಡಿನಿಂದ ಎರಡು ಕೊಯ್ತದಲ್ಲಿ ತೆಗೆಯುವವರು ಎರಡನೇ ಕೊಯ್ತದಲ್ಲಿ ಎಚ್ಚರ ವಹಿಸಬೇಕು. ಹಲಗೆಯನ್ನು ನಿಲ್ಲಿಸಿ ಕೊಯ್ದಾಗ ಬಿಡುಗಡೆಯಾಗುವ ಉದ್ದ ಪಟ್ಟಿ ಫೆನ್ಸ್ ಕಡೆಗೆ ಬಿದ್ದರೆ ಬಾಣದಂತೆ ಹಿಂದಕ್ಕೆ ಬರುತ್ತದೆ. ಪಟ್ಟಿ ಯಾವಾಗಲೂ ಬ್ಲೇಡಿನ ಹೊರಗಡೆ ಬೀಳುವಂತೆ ಫೆನ್ಸ್ ಹೊಂದಿಸಿ.

ಹಲಗೆಯ ನಡುವೆ ಶುರುವಾಗಿ ನಡುವೆಯೇ ನಿಲ್ಲುವ ಗ್ರೂವ್ ಬೇಕಿದ್ದರೆ ತಿರುಗುವ ಬ್ಲೇಡಿನ ಮೇಲೆ ಹಲಗೆಯನ್ನು ಇಳಿಸಬೇಕಾಗುತ್ತದೆ. ಇಳಿಸುವಾಗ ಮೊದಲು ತಾಗುವುದು ಬ್ಲೇಡಿನ ನೆತ್ತಿಯೇ, ಅದು ಹಲಗೆಯನ್ನು ನಿಮ್ಮತ್ತ ತಳ್ಳುತ್ತದೆ. ತಡೆಗಳನ್ನು ಕಟ್ಟಿ ಮಾಡುವ ವಿಧಾನಗಳಿವೆ, ಆದರೆ ಆ ಕೆಲಸಕ್ಕೆ ತೋಡು ಕೊರೆಯುವ ಯಂತ್ರ, ರೌಟರ್ ಇದೆ. ಅದನ್ನೇ ಬಳಸಿ.

ಮೈಮೇಲೆ, ಕೈಯಲ್ಲಿ

ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ, ಮೂಗಿಗೆ ಮಾಸ್ಕ್. ಮರದ ಧೂಳನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕೈಗವಸು ಮಾತ್ರ ಬೇಡ. ಬ್ಲೇಡ್ ಬೆರಳನ್ನು ಕೊಯ್ದರೆ ಕೊಯ್ದಷ್ಟೇ, ಬಟ್ಟೆಯನ್ನು ಹಿಡಿದರೆ ಇಡೀ ಕೈಯನ್ನು ಒಳಗೆಳೆಯುತ್ತದೆ. ಉಂಗುರ, ಸಡಿಲ ತೋಳು, ಇಳಿಬಿದ್ದ ಕೂದಲಿಗೂ ಇದೇ ಕಾರಣ. ಬ್ಲೇಡ್ ಪೂರ್ತಿ ನಿಲ್ಲುವ ಮೊದಲು ಪಕ್ಕದ ಚೂರುಗಳನ್ನು ಕೈಯಿಂದ ಎತ್ತಬೇಡಿ, ಉದ್ದ ಕೋಲಿನಿಂದ ಸರಿಸಿ.

ಚರ್ಮ ತಾಗಿದೊಡನೆ ಬ್ಲೇಡನ್ನು ನಿಲ್ಲಿಸುವ ಯಂತ್ರಗಳೂ ಇವೆ. ಸ್ಟೀವ್ ಗ್ಯಾಸ್ 1999ರಲ್ಲಿ ರೂಪಿಸಿದ ಸಾಸ್ಟಾಪ್ ವ್ಯವಸ್ಥೆಯಲ್ಲಿ ಬ್ಲೇಡಿನಲ್ಲಿ ಸಣ್ಣ ವಿದ್ಯುತ್ ಸಂಕೇತವಿರುತ್ತದೆ. ಬೆರಳು ತಾಗಿ ಅದು ಬದಲಾದ ಕೂಡಲೇ ಅಲ್ಯೂಮಿನಿಯಂ ದಿಮ್ಮಿ ಹಲ್ಲಿಗೆ ನುಗ್ಗಿ ಸುಮಾರು 5 ಮಿಲಿಸೆಕೆಂಡಿನಲ್ಲಿ ಬ್ಲೇಡನ್ನು ನಿಲ್ಲಿಸುತ್ತದೆ. ಆ ದಿಮ್ಮಿಯಿರುವ ಕಾರ್ಟ್ರಿಜ್ ಹಾಳಾಗುತ್ತದೆ, ಸಾಮಾನ್ಯವಾಗಿ ಬ್ಲೇಡೂ ಹಾಳಾಗುತ್ತದೆ, ಬೆರಳು ಉಳಿಯುತ್ತದೆ. ತುಂಬ ಹಸಿ ಮರ ತಾಗಿದರೂ ಅದು ಬೆರಳೆಂದುಕೊಂಡು ಬ್ಲೇಡನ್ನು ನಿಲ್ಲಿಸಿಬಿಡಬಹುದು, ಮತ್ತು ಡೇಡೋ ಸೆಟ್ಟಿಗೆ ಬೇರೆಯೇ ಕಾರ್ಟ್ರಿಜ್ ಬೇಕು. ಆದರೆ ಹಾರಿಬರುವ ಹಲಗೆಯನ್ನು ಅದು ತಡೆಯುವುದಿಲ್ಲ. ಆ ಯಂತ್ರದಲ್ಲೂ ಹಿಂದಿನ ಹಲ್ಲು ಮೇಲಕ್ಕೇ ಏಳುತ್ತದೆ, ಅದರಲ್ಲೂ ಗ್ರೂವ್ ಮುಗಿದ ಮೇಲೆ ರೈವಿಂಗ್ ನೈಫನ್ನೂ ಗಾರ್ಡನ್ನೂ ಮತ್ತೆ ಹಾಕಿದ ಮೇಲೆಯೇ ಮುಂದಿನ ಹಲಗೆಯನ್ನು ಸೀಳಬೇಕು.